ಕಿಸೆಗೊಂದು ಚಾಕು



ಹೋದ ಸಂಚಿಕೆಯಲ್ಲಿ ನಾವು ತಕ್ಕಡಿ ಮತ್ತು ತೂಕದ ಕಲ್ಲುಗಳ ವಿಷಯ ಬರೆದಿದ್ದೆವು. ಅದನ್ನು ಓದಿ ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದ ಒಬ್ಬ ಶ್ರಾವಕರು ಪತ್ರ ಬರೆದಿದ್ದಾರೆ. ಅವರ ಮಗ ಈ ವರ್ಷದಿಂದ ದಾಳಿಂಬೆ ಖರೀದಿಗೆಂದು ತೋಟ ತೋಟ ತಿರುಗುತ್ತಿದ್ದಾನೆ. ಕಿಸೆಯಲ್ಲಿ ಒಂದು ಚಾಕು ಬೇಕೆನ್ನುತ್ತಾನೆ. ಮನೆಯಲ್ಲಿ ತಾಯಿ ಮಾತ್ರ, “ಅಹಿಂಸೆಯ ಮನೆತನದ ಹುಡುಗ ಕಿಸೆಯಲ್ಲಿ ಚಾಕು ಇಟ್ಟುಕೊಂಡು ತಿರುಗಿದರೆ ನಾಲ್ಕು ಮಂದಿ ಏನಂದಾರು?” ಎಂದು ಪಟ್ಟು ಹಿಡಿದಿದ್ದಾರಂತೆ. ಚಾಕು ಕೊಡಿಸಬೇಕೋ ಬೇಡವೋ, ಕೊಡಿಸುವುದಾದರೆ ಎಂಥದ್ದು ಎಂದು ಆ ಶ್ರಾವಕರು ಕೇಳಿದ್ದಾರೆ. ಮೂರು ತಲೆಮಾರಿನಿಂದ ಕಿರಾಣಿ ಮತ್ತು ಅಡತಿ ವ್ಯಾಪಾರ ನಡೆಸಿಕೊಂಡು ಬಂದಿರುವ ಅಂಗಡಿ ನಮ್ಮದು. ಅಂಗಡಿಯಲ್ಲಿ ಚಾಕು ಹಿಡಿಯದ ದಿನವಿಲ್ಲ. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಬರೆಯಲು ನಮಗೆ ಸಂಕೋಚವಿಲ್ಲ.

ಮೊದಲು ತಾಯಿಯವರ ಮಾತು. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದೆ. ಅವುಗಳಲ್ಲಿ ಹಿಂಸಾದಾನವೂ ಒಂದು, ಅಂದರೆ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಆದರೆ ಅಲ್ಲಿ ಹೆಸರಿಸಿದ ಸಾಧನಗಳನ್ನು ನೋಡಬೇಕು. ಕೊಡಲಿ ಮತ್ತು ಖಡ್ಗದ ಜೊತೆಗೆ ನೆಲ ಅಗೆಯುವ ಸಲಿಕೆಯೂ ಇದೆ, ಬೆಂಕಿಯೂ ಇದೆ. ಬೆಂಕಿಯಿಲ್ಲದೆ ಯಾವ ಮನೆಯಲ್ಲಿ ಒಲೆ ಹೊತ್ತೀತು? ವ್ರತದ ಹೆಸರಿನಲ್ಲಿಯೇ ‘ಅನರ್ಥ’ ಎಂಬ ಶಬ್ದವಿದೆ. ಪ್ರಯೋಜನವಿಲ್ಲದ್ದು ಎಂದು ಅದರ ಅರ್ಥ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ತಿ ಬಿಡಬೇಕು. ಆರಂಭೀ ಮತ್ತು ಉದ್ಯೋಗೀ ಹಿಂಸೆಯನ್ನು ಯತ್ನಾಚಾರದಿಂದ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ನಾವು ಪಂಡಿತರಲ್ಲ, ಮ್ಯಾಟ್ರಿಕ್ ಓದಿದ ವ್ಯಾಪಾರಸ್ಥರು. ನಮಗೆ ತಿಳಿದಷ್ಟು ಹೇಳುವುದಾದರೆ, ಸುತಳಿ ಕೊಯ್ಯಲು ಇಟ್ಟುಕೊಂಡ ಚಾಕು ಬೇರೆ, ನಾಲ್ಕು ಮಂದಿ ಅಂಜಲಿ ಎಂದು ಇಟ್ಟುಕೊಂಡ ಚಾಕು ಬೇರೆ. ಇವೆರಡು ನೋಡಲಿಕ್ಕೂ ಬೇರೆಯಾಗಿಯೇ ಇರುತ್ತವೆ. ಅದನ್ನು ಮುಂದೆ ಹೇಳುತ್ತೇವೆ. ಗುಜರಾತಿ ಜೈನರ ಮನೆಗಳಲ್ಲಿ ಕಾಯಿಪಲ್ಲೆ ‘ಕತ್ತರಿಸು’ ಎನ್ನದೆ ‘ಸುಧಾರಿಸು’ ಎನ್ನುತ್ತಾರೆ. ಅಲಗು ಕೈಯಲ್ಲಿದ್ದಾಗಲೂ ನಾಲಿಗೆಗೆ ಇಷ್ಟು ಎಚ್ಚರ!

ನಮ್ಮ ಹಿರಿಯರ ಕಿಸೆಯಲ್ಲಿ ಚಾಕು ಇರಲಿಲ್ಲವೆಂದು ತಿಳಿಯಬಾರದು. ಕಿಸೆಯಲ್ಲಿ ಅಲ್ಲದಿದ್ದರೆ ಚಂಚಿಯಲ್ಲಿ ಇರುತ್ತಿತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕೊತ್ತು, ಅದರ ಬದಿಗೆ ಮಡಿಚುವ ಸಣ್ಣದೊಂದು ಚಾಕು. ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ, ಆಮೇಲೆಯೂ ಕೆಲವು ವರ್ಷ, ನಮ್ಮ ಕಡೆಯ ಪೇಟೆಗಳಲ್ಲಿ ಕೀರ್ದಿ ಖಾತೆಗಳನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಮೋಡಿ ಬರೆಯಲು ಬೋರು ಬೇಕು. ಬೋರು ಎಂದರೆ ಜೊಂಡಿನ ಲೇಖಣಿ. ಅದರ ತುದಿಯನ್ನು ಓರೆಯಾಗಿ ಕೊಯ್ದು ನಡುವೆ ಸೀಳಬೇಕು, ಬರೆದು ಬರೆದು ಮೊಂಡಾದಾಗ ಮತ್ತೆ ಕೊಯ್ಯಬೇಕು. ಬೋರು ಚೆನ್ನಾಗಿ ಕೊಯ್ಯಲು ಬಾರದ ಮುನೀಮನ ಅಕ್ಷರ ಎಂದೂ ನೆಟ್ಟಗಾಗುತ್ತಿರಲಿಲ್ಲ. ಇಂಗ್ಲಿಷರೂ ಹಕ್ಕಿಯ ಗರಿಯ ಲೇಖಣಿ ಹದಮಾಡಲು ಇಟ್ಟುಕೊಂಡ ಸಣ್ಣ ಚಾಕುವಿಗೆ ‘ಪೆನ್ ನೈಫ್’ ಎಂದೇ ಹೆಸರಿಟ್ಟರು. ಕಿಸೆಯ ಚಾಕು ಹುಟ್ಟಿದ್ದೇ ಲೆಕ್ಕ ಬರೆಯುವವರ ಕೈಯಲ್ಲಿ ಎಂದರೆ ಸ್ವಲ್ಪ ಹೆಚ್ಚಾದೀತು, ಆದರೆ ಪೂರ್ತಿ ಸುಳ್ಳಾಗಲಿಕ್ಕಿಲ್ಲ.

ಇನ್ನು ಯಾವ ಚಾಕು ಎಂಬ ಮಾತು. ಅಂಗಡಿಗೆ ಹೋಗಿ ಚಾಕು ನೋಡುವ ಮೊದಲು ಒಂದು ವಾರ, ದಿನವಿಡೀ ನಾವು ಏನೇನು ಕೊಯ್ಯುತ್ತೇವೆ ಎಂದು ಚೀಟಿಯಲ್ಲಿ ಬರೆದಿಡಬೇಕು. ನಮ್ಮ ಅಂಗಡಿಯ ಮಟ್ಟಿಗೆ ಹೇಳುವುದಾದರೆ ಮೊದಲು ಬರುವುದು ಚೀಲದ ಬಾಯಿ. ಹೊಸ ಹುಡುಗರು ಚೀಲ ಕಂಡ ಕೂಡಲೇ ಚಾಕು ಹಾಕಿ ಸೀಳುತ್ತಾರೆ. ಸೀಳಿದ ಬಾರದಾನಕ್ಕೆ ಯಾರೂ ಪೂರ್ತಿ ದರ ಕೊಡುವುದಿಲ್ಲ. ವರ್ಷದ ಕೊನೆಗೆ ಖಾಲಿ ಚೀಲ ಮಾರಿದ ಹಣವೂ ಜಮೆಯ ಬದಿಗೇ ಬರುತ್ತದೆ ಎಂಬುದು ಅವರಿಗೆ ತಿಳಿಯದು. ಯಂತ್ರದಿಂದ ಹೊಲಿದ ಚೀಲದ ಬಾಯಿಗೆ ಸರಪಳಿಯಂಥ ಹೊಲಿಗೆ ಇರುತ್ತದೆ. ಸಾದಾ ಹೊಲಿಗೆ ಕಾಣುವ ಮಗ್ಗುಲನ್ನು ನಮ್ಮ ಕಡೆಗೆ ಇಟ್ಟುಕೊಂಡು ಬಲಗಡೆಯ ತುದಿಯ ದಾರವನ್ನಷ್ಟೇ ಕೊಯ್ದು ಎಳೆದರೆ ಪೂರ್ತಿ ಹೊಲಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ದಾರವೂ ಉಳಿಯಿತು, ಚೀಲವೂ ಉಳಿಯಿತು. ದಬ್ಬಣದಿಂದ ಕೈಯಲ್ಲಿ ಹೊಲಿದ ಚೀಲವಾದರೆ ಒಂದೊಂದೇ ಹೊಲಿಗೆಯ ಕೆಳಗೆ ಅಲಗಿನ ತುದಿ ತೂರಿಸಿ ಮೇಲಕ್ಕೆ ಎತ್ತಬೇಕು. ಈ ಕೆಲಸಕ್ಕೆ ಸೂಜಿಯಂಥ ಚೂಪು ತುದಿ ಕೂಡದು, ಅದು ಗೋಣಿಯ ಎಳೆಯನ್ನೂ ಕೊಯ್ಯುತ್ತದೆ. ಬೆನ್ನು ಬಾಗಿ ತುದಿಯಲ್ಲಿ ಮೊಂಡಾಗಿ, ಬಾಯಿ ಮಾತ್ರ ನೆಟ್ಟಗಿರುವ ಅಲಗು ಇದಕ್ಕೆ ಸರಿ. ಕಿಸೆಯಲ್ಲಿ ಅಕಸ್ಮಾತ್ ಬಿಚ್ಚಿಕೊಂಡರೂ ತೊಡೆಗೆ ಚುಚ್ಚುವ ಭಯ ಕಡಿಮೆ.

ಎರಡನೆಯದು ಪೆಟ್ಟಿಗೆ. ಸಾಂಗಲಿ, ತಾಸಗಾಂವ ಪೇಟೆಯ ಒಣದ್ರಾಕ್ಷಿ 15 ಕಿಲೋದ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಮೇಲೆ ಅಂಟುಪಟ್ಟಿ, ಒಳಗೆ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಮಾಲು. ಮೂರು ಇಂಚಿನ ಅಲಗನ್ನು ಪೂರ್ತಿ ತುರುಕಿ ಎಳೆದರೆ ಹಾಳೆ ಹರಿದು ದ್ರಾಕ್ಷಿಯೂ ಕೊಯ್ದು ಹೋಗುತ್ತದೆ. ಅಂಥ ಪೆಟ್ಟಿಗೆಗೆ ಆಮೇಲೆ ಗಾಳಿ, ಇರುವೆ ತಪ್ಪಿದ್ದಲ್ಲ. ಇರುವೆ ಬಂದ ಮೇಲೆ ನಮ್ಮ ಮನೆಗಳಲ್ಲಿ ಆ ಮಾಲನ್ನು ಏನು ಮಾಡಬೇಕೆಂಬುದೇ ದೊಡ್ಡ ಧರ್ಮಸಂಕಟ. ಪೆಟ್ಟಿಗೆಯ ಕೆಲಸಕ್ಕೆ ಮುರಿಯುವ ಅಲಗಿನ ಕಟರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಲಗನ್ನು ಒಂದೇ ಒಂದು ಗೆರೆಯಷ್ಟು ಹೊರಗೆ ತೆಗೆದರೆ ಅಂಟುಪಟ್ಟಿ ಮಾತ್ರ ಕೊಯ್ಯುತ್ತದೆ. ಇದನ್ನು ಕಂಡುಹಿಡಿದವರು ಜಪಾನಿನ ಒಸಾಕಾದ ಒಕಾದಾ ಯೋಶಿಯೋ ಎಂಬವರು, ಸನ್ 1956ರಲ್ಲಿ. ಅವರು ಛಾಪಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಕಾಗದ ಕೊಯ್ದು ಕೊಯ್ದು ಅಲಗಿನ ತುದಿ ಮಾತ್ರ ಸವೆಯುತ್ತದೆ, ಉಳಿದ ಭಾಗ ಹೊಸದಾಗಿಯೇ ಇರುತ್ತದೆ. ಚಾಕಲೇಟಿನ ಬಿಲ್ಲೆಯಂತೆ ತುದಿಯನ್ನು ಮುರಿದುಹಾಕುವಂತಿದ್ದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಅದೇ ‘ಓಲ್ಫಾ’ ಕಂಪನಿಯಾಯಿತು. ‘ಮುರಿಯುವ ಅಲಗು’ ಎಂಬುದೇ ಆ ಹೆಸರಿನ ಮೂಲ. ಒಂದು ಮಾತು ಮಾತ್ರ ಹೇಳಬೇಕು. ಮುರಿದ ತುಣುಕನ್ನು ಕಸದಲ್ಲಿ ಎಸೆಯಬಾರದು. ಕಸ ಗುಡಿಸುವ ಹೆಣ್ಣುಮಕ್ಕಳ ಕೈ, ಉಕಿರಡಿಯಲ್ಲಿ ಬಾಯಿ ಹಾಕುವ ದನದ ನಾಲಿಗೆ ನೆನಪಿರಲಿ. ನಮ್ಮ ಗಲ್ಲೆಯ ಬದಿಗೆ ಮುಚ್ಚಳವಿರುವ ಒಂದು ಹಳೆಯ ಡಬ್ಬಿ ಇಟ್ಟಿದ್ದೇವೆ, ತುಣುಕುಗಳೆಲ್ಲ ಅದರಲ್ಲಿ. ತುಂಬಿದಾಗ ಮುಚ್ಚಳಕ್ಕೆ ಪಟ್ಟಿ ಸುತ್ತಿ ಗುಜರಿಯವನ ಕೈಗೆ ಕೊಡುತ್ತೇವೆ.

ಬರೀ ಅಂಗಡಿಯಲ್ಲಿ ಕೂಡ್ರುವವನಿಗೆ ಆ ಕಟರ್ ಸಾಕು. ಬೇರೆ ಚಾಕು ಬೇಡ.

ಆದರೆ ಪತ್ರ ಬರೆದವರ ಮಗ ತೋಟಕ್ಕೆ ಹೋಗುವವನು. ದಾಳಿಂಬೆಯನ್ನು ಹೊರಗಿನಿಂದ ನೋಡಿ ದರ ಕಟ್ಟಿದವನು ಒಂದಲ್ಲ ಒಂದು ದಿನ ಕೈ ಸುಟ್ಟುಕೊಳ್ಳುತ್ತಾನೆ. ಮೇಲೆ ಕೇಸರಿ ಬಣ್ಣದ ಭಗವಾ ಹಣ್ಣು, ಒಳಗೆ ನಡುವೆಲ್ಲ ಕಪ್ಪು ಕೊಳೆತ, ಹೀಗೂ ಇರುತ್ತದೆ. ಆದ್ದರಿಂದ ಗಿಡಕ್ಕೊಂದು ಎರಡು ಹಣ್ಣು ಒಡೆದು ನೋಡಬೇಕು. ಒಡೆಯುವುದಕ್ಕೂ ಒಂದು ರೀತಿಯಿದೆ. ನಡುವೆ ಅಡ್ಡ ಕೊಯ್ದರೆ ಕಾಳು ಹರಿದು ರಸ ಸುರಿಯುತ್ತದೆ, ಒಳಗಿನ ಬಣ್ಣವೂ ಸರಿಯಾಗಿ ತಿಳಿಯುವುದಿಲ್ಲ. ಮೇಲಿನ ಕಿರೀಟದ ಸುತ್ತ ಸಿಪ್ಪೆಯಷ್ಟೇ ಆಳಕ್ಕೆ ಗೆರೆ ಎಳೆದು ಮುಚ್ಚಳ ತೆಗೆಯಬೇಕು. ಒಳಗೆ ಬಿಳಿಯ ಪೊರೆಗಳು ಕಾಣುತ್ತವೆ. ಅವು ಇರುವಲ್ಲಿ ಹೊರಗಿನಿಂದ ಉದ್ದಕ್ಕೆ ಗೆರೆ ಹಾಕಿ ಕೈಯಿಂದ ಬಿಡಿಸಿದರೆ ಒಂದು ಕಾಳೂ ಒಡೆಯದೆ ಹಣ್ಣು ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಎರಡೂವರೆಯಿಂದ ಮೂರು ಇಂಚಿನ ತೆಳ್ಳನೆಯ ಅಲಗು ಸಾಕೇ ಸಾಕು. ದಪ್ಪ ಅಲಗು ಸಿಪ್ಪೆಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ.

ಇಲ್ಲಿ ಬಹಳ ಮಹತ್ವದ ಮಾತೊಂದಿದೆ. ದಾಳಿಂಬೆಯ ತೇಲ್ಯಾ ರೋಗ ನಮ್ಮ ತಾಲೂಕಿನ ರೈತರನ್ನು ಎಷ್ಟು ಅಳಿಸಿದೆ ಎಂಬುದು ಎಲ್ಲರಿಗೂ ಗೊತ್ತು. ಎಲೆ, ಕಾಂಡ, ಹಣ್ಣಿನ ಮೇಲೆ ಎಣ್ಣೆ ಹಚ್ಚಿದಂಥ ಕಲೆ ಬಿದ್ದು ಹಣ್ಣು ಸೀಳಿಹೋಗುವ ಈ ರೋಗ ದುಂಡಾಣುವಿನಿಂದ ಬರುವಂಥದ್ದು. ಮಳೆಯ ಹನಿಯಿಂದ, ರೋಗದ ಸಸಿಯಿಂದ, ಅದರಂತೆಯೇ ಕತ್ತರಿ ಚಾಕುಗಳಿಂದಲೂ ಹಬ್ಬುತ್ತದೆ. ಗಿಡ ಸವರುವ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕೆಂದು ತಜ್ಞರು ರೈತರಿಗೆ ಹೇಳುತ್ತಲೇ ಬಂದಿದ್ದಾರೆ. ದಾಳಿಂಬೆಗೆಂದೇ ಸೊಲ್ಲಾಪುರದಲ್ಲಿ 2005ರಿಂದ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಇದೆ. ರೈತನು ತನ್ನ ಕತ್ತರಿಯನ್ನು ಅದ್ದುತ್ತಾನೆ ಎಂದು ಇಟ್ಟುಕೊಳ್ಳೋಣ. ಆದರೆ ಮುಂಜಾನೆ ಸಂಖದಲ್ಲಿ ಒಂದು ತೋಟ, ಮಧ್ಯಾಹ್ನ ಉಮದಿಯಲ್ಲಿ ಇನ್ನೊಂದು ತೋಟ ನೋಡುವ ವ್ಯಾಪಾರಸ್ಥನ ಕಿಸೆಯ ಚಾಕುವನ್ನು ಯಾರು ಅದ್ದುತ್ತಾರೆ? ಒಂದು ಕಡೆ ಕಲೆಯ ಹಣ್ಣು ಕೊಯ್ದ ಅಲಗಿನಿಂದಲೇ ಇನ್ನೊಂದು ಕಡೆ ಗಿಡದ ಮೇಲಿನ ಹಣ್ಣಿನ ತೊಟ್ಟು ಕೊಯ್ದರೆ, ನಾವು ಆ ಮನೆಗೆ ದರದ ಜೊತೆಗೆ ರೋಗವನ್ನೂ ಕೊಟ್ಟು ಬಂದಂತಾಗುತ್ತದೆ. ಹಿಂಸಾದಾನ ಎಂಬ ಮಾತು ನಮಗೆ ಇಲ್ಲಿ ನೆನಪಾಗುತ್ತದೆ. ಆದ್ದರಿಂದ ಚಾಕುವಿನ ಜೊತೆಗೆ ಒಂದು ಸಣ್ಣ ಬಾಟಲಿ ದ್ರಾವಣ, ಒಂದು ಬಾಟಲಿ ಶುದ್ಧ ನೀರು, ಒಂದು ಬಟ್ಟೆ ಗಾಡಿಯಲ್ಲಿ ಇರಲೇಬೇಕು. ತೋಟದಿಂದ ಹೊರಬಿದ್ದ ಕೂಡಲೇ ಮೊದಲು ಅಲಗಿನ ರಸ ಒರೆಸಿ ದ್ರಾವಣದಲ್ಲಿ ಅದ್ದಿ, ಆಮೇಲೆ ನೀರಿನಿಂದ ತೊಳೆದು ಒಣಗಿಸಬೇಕು. ಹಾಗೆಯೇ ಬಿಟ್ಟರೆ ಆ ದ್ರಾವಣ ಎಂಥ ಉಕ್ಕನ್ನೂ ತಿನ್ನುತ್ತದೆ. ಒಡೆದು ನೋಡುವ ಹಣ್ಣನ್ನು ಗಿಡದ ಮೇಲೆಯೇ ಕೊಯ್ಯದೆ ರೈತನ ಕೈಯಿಂದ ಅವನ ಕತ್ತರಿಯಿಂದಲೇ ಕೊಯ್ಯಿಸಿ ತೆಗೆದುಕೊಂಡರೆ ಇನ್ನೂ ಉತ್ತಮ.

ಉಕ್ಕಿನ ಮಾತು ಬಂತು. ಚಾಕುವಿನ ಉಕ್ಕು ಮುಖ್ಯವಾಗಿ ಎರಡು ಬಗೆ. ನಮ್ಮ ಕಂಬಾರರು, ಊರೂರು ತಿರುಗುವ ಘಿಸಾಡಿಗಳು ಬಡಿದು ಮಾಡುವುದು ಸಾದಾ ಉಕ್ಕು. ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ದಾಳಿಂಬೆಯ ಸಿಪ್ಪೆಯಲ್ಲಿ ಒಗರು ಹೆಚ್ಚು. ಆ ಒಗರು ಕಬ್ಬಿಣಕ್ಕೆ ತಾಗಿದರೆ ಅಲಗು ಮಸಿಯಂತೆ ಕಪ್ಪಾಗುತ್ತದೆ, ಆ ಕಪ್ಪು ಹಣ್ಣಿಗೂ ಹತ್ತುತ್ತದೆ. ಗಿರಾಕಿಗೆ ತೋರಿಸುವ ಹಣ್ಣು ಚಾಕುವಿನಿಂದಲೇ ಕಪ್ಪಾದರೆ ಯಾರಿಗೆ ಹೇಳೋಣ? ಎರಡನೆಯದು ಸ್ಟೇನ್‌ಲೆಸ್. ಶೆಫೀಲ್ಡ್ ಪಟ್ಟಣದ ಹ್ಯಾರಿ ಬ್ರಿಯರ್ಲಿ ಎಂಬವರು 1913ರಲ್ಲಿ ಇಂಥ ಉಕ್ಕನ್ನು ತಯಾರಿಸಿದರು. ಉಕ್ಕಿನಲ್ಲಿ ಶೇಕಡಾ ಹತ್ತೂವರೆಗಿಂತ ಹೆಚ್ಚು ಕ್ರೋಮಿಯಂ ಇದ್ದರೆ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಹಣ್ಣಿನ ವ್ಯಾಪಾರಕ್ಕೆ ಸ್ಟೇನ್‌ಲೆಸ್ಸೇ ಆಗಬೇಕು. ಬರೀ ಸುತಳಿ ಕೊಯ್ಯುವವರಿಗೆ ಕಂಬಾರನ ಚಾಕು ಎಷ್ಟೋ ಮೇಲು. ಕಂಬಾರನ ಮನೆಗೂ ನಾಲ್ಕು ಕಾಸು ಹೋಗುತ್ತದೆ.

ಹಿಡಿಕೆಯನ್ನು ನಮ್ಮವರು ತಪ್ಪದೆ ವಿಚಾರಿಸಿ ನೋಡಬೇಕು. ಹಳೆಯ ಕಾಲದ ಚಾಕುಗಳಿಗೆ ಎಲುಬು, ಎಮ್ಮೆಯ ಕೋಡು, ಜಿಂಕೆಯ ಕೊಂಬಿನ ಹಿಡಿಕೆ ಇರುತ್ತಿದ್ದವು. ಈಗಲೂ ಬೆಲೆಯುಳ್ಳ ಪರದೇಶದ ಚಾಕುಗಳಲ್ಲಿ ಎಲುಬು ಮತ್ತು ಕೋಡು ಹಾಕುತ್ತಾರೆ. ಜಿಂಕೆಯ ಕೊಂಬಿನ ವ್ಯಾಪಾರಕ್ಕಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯೂ ಇದೆ. ಕಟ್ಟಿಗೆ, ಹಿತ್ತಾಳೆ, ಪ್ಲಾಸ್ಟಿಕ್ ಇರುವಾಗ ನಮಗೆ ಅವೆಲ್ಲ ಏತಕ್ಕೆ? ಹಾಗೆಯೇ ಚರ್ಮದ ಚೀಲ ಬೇಡ, ದಪ್ಪ ಬಟ್ಟೆಯದು ಸಾಕು. ಹಳೆಯ ಚಾಕುವನ್ನು ಸಂತೆಯಲ್ಲಿ ಕೊಳ್ಳುವುದೂ ಬೇಡ. ಅದು ಹಿಂದೆ ಏನು ಕೊಯ್ದಿತ್ತೋ ಯಾರು ಬಲ್ಲರು?

ಪರದೇಶದ ಮಾತು ಬಂದದ್ದಕ್ಕೆ ಎರಡು ಹೆಸರು ಹೇಳುತ್ತೇವೆ. ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ ಎಂಬವರು 1884ರಲ್ಲಿ ಕಾರಖಾನೆ ತೆಗೆದು, 1891ರಿಂದ ತಮ್ಮ ದೇಶದ ಸೈನಿಕರಿಗೆ ಚಾಕು ಪೂರೈಸಿದರು. ಆ ಚಾಕುವಿನಲ್ಲಿ ಒಂದು ಅಲಗು, ಒಂದು ಡಬ್ಬಿ ತೆರೆಯುವ ಕೊಕ್ಕೆ, ಒಂದು ತಿರುಪುಳಿ, ಒಂದು ತೂತು ಹಾಕುವ ಮೊಳೆ, ಇಷ್ಟೇ. ಯುದ್ಧ ಮಾಡಲಿಕ್ಕಲ್ಲ, ಬಂದೂಕು ಬಿಚ್ಚಿ ಒರೆಸಲು, ಡಬ್ಬಿಯ ಊಟ ಉಣ್ಣಲು. ವಿಕ್ಟೋರಿನಾಕ್ಸ್ ಎಂಬ ಹೆಸರಿನ ಮೊದಲ ಭಾಗ ಅವರ ತಾಯಿ ವಿಕ್ಟೋರಿಯಾ ಅವರದು. ಇನ್ನೊಬ್ಬರು ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್. 1890ರಿಂದ ರೈತರಿಗೆಂದು ಕಟ್ಟಿಗೆ ಹಿಡಿಕೆಯ ಚಾಕು ಮಾಡಿದರು. 1955ರಲ್ಲಿ ಅದಕ್ಕೆ ಸುತ್ತುವ ಉಂಗುರ ಬಂತು, ತಿರುಗಿಸಿದರೆ ಅಲಗು ಬೆರಳ ಮೇಲೆ ಮಡಿಚಿಕೊಳ್ಳುವುದಿಲ್ಲ. ಇವೆರಡನ್ನೂ ನಾವು ಕೈಯಲ್ಲಿ ಹಿಡಿದು ನೋಡಿದ್ದೇವೆ. ಒಳ್ಳೆಯವು, ಆದರೆ ಬೆಲೆ ನಮ್ಮ ಸಂತೆಯ ಚಾಕುವಿನದಲ್ಲ. ಮುಂಬಯಿಯಿಂದ ಯಾರಾದರೂ ಬೀಗರು ತಂದುಕೊಟ್ಟರೆ ಬೇಡವೆನ್ನಬಾರದು, ಅಷ್ಟೇ. ನಕಲಿ ಮಾಲೂ ಬಹಳ, ಕೆಂಪು ಹಿಡಿಕೆ ಕಂಡ ಕೂಡಲೇ ಸ್ವಿಸ್ ಎಂದು ನಂಬಬಾರದು.

ಇನ್ನು ಆ ಇನ್ನೊಂದು ಬಗೆಯ ಚಾಕು. ಗುಂಡಿ ಒತ್ತಿದರೆ ಟಕ್ಕನೆ ಹಾರಿ ತೆರೆಯುವುದು. ಕರಿಯ ಬಣ್ಣ, ಬೆನ್ನಿಗೆ ಗರಗಸದ ಹಲ್ಲು. ಸಿನಿಮಾದ ಖಳನಾಯಕರಿಂದ ಪ್ರಸಿದ್ಧವಾದದ್ದು ಉತ್ತರ ಪ್ರದೇಶದ ರಾಮಪುರದ ಚಾಕು. ಅಲ್ಲಿಯ ಸರಕಾರ 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ತಡೆ ಹಾಕಿದ ಮೇಲೆ ಆ ಕಸುಬು ಕುಗ್ಗಿತು. 2023ರಲ್ಲಿ ಅದೇ ಊರಿನ ಚೌಕದಲ್ಲಿ ಸುಮಾರು 20 ಅಡಿಯ ಚಾಕು ನಿಲ್ಲಿಸಿದ್ದಾರೆ. ಏನೆನ್ನಬೇಕು!

ನಮ್ಮ ತಮ್ಮನ ಮಗ ಒಮ್ಮೆ ಮೊಬೈಲಿನಲ್ಲಿ ಇಂಥದ್ದೇ ಒಂದನ್ನು ತೋರಿಸಿ, “ದೊಡ್ಡಪ್ಪಾ, ಇದನ್ನ ತರಸ್ಲೇನ್ರಿ?” ಎಂದು ಕೇಳಿದ.

“ಇದರಾಗ ಏನ್ ಕೊಯ್ಯಾಂವ ಅದೀಪಾ?”

“ಹಂಗಲ್ರಿ, ಕಿಸೇದಾಗ ಇದ್ರ ಧೈರ್ಯ ಇರ್ತದ್ರಿ. ರಾತ್ರಿ ವಸೂಲಿ ರೊಕ್ಕ ತಗೊಂಡ್ ಬರ್ತೀವಲ್ರಿ.”

ಅವನ ಮಾತು ಹುರುಳಿಲ್ಲದ್ದಲ್ಲ. ಜತ್ತದಿಂದ ಮುಂದಿನ ದಾರಿಗಳು ರಾತ್ರಿ ನಿರ್ಜನ. ಆದರೆ ಚಾಕು ಧೈರ್ಯ ಕೊಡುವುದಿಲ್ಲ, ಇಲ್ಲದ ಧೈರ್ಯ ಇದೆ ಎಂದು ನಂಬಿಸುತ್ತದೆ. ಓಡಿಹೋಗಬೇಕಾದಲ್ಲಿ ಹುಡುಗ ನಿಂತುಬಿಡುತ್ತಾನೆ. ರೊಕ್ಕ ಹೋದರೆ ಮತ್ತೆ ದುಡಿಯಬಹುದು. ವಸೂಲಿಯನ್ನು ಹಗಲಿನಲ್ಲಿ ಮುಗಿಸು, ಆದಷ್ಟು ಬ್ಯಾಂಕಿನ ಮೂಲಕ ಹಾಕಿಸಿಕೋ ಎಂದೆವು. ಅವನು ತರಿಸಲಿಲ್ಲ.

ಬೇರೊಂದು ಮನೆಯ ಹುಡುಗ ತರಿಸಿದ್ದ. 2024ರ ನವೆಂಬರಿನಲ್ಲಿ ವಿಧಾನಸಭೆಯ ಚುನಾವಣೆ ಇತ್ತಲ್ಲ, ಆಗ ಗಾಡಿಗಳ ತಪಾಸಣೆಯಲ್ಲಿ ಅದು ಸಿಕ್ಕಿತು. ಹಣ್ಣು ಕೊಯ್ಯಲು ಎಂದ. ಗರಗಸದ ಬೆನ್ನಿನ ಚಾಕುವಿನಿಂದ ಯಾವ ಹಣ್ಣು ಎಂದು ಅವರು ಕೇಳಿದರು. ರಾತ್ರಿ ಹನ್ನೊಂದರವರೆಗೆ ಠಾಣೆಯ ಬಾಕಿನ ಮೇಲೆ ಕೂಡ್ರಬೇಕಾಯಿತು. ತಂದೆ ಹೋಗಿ ಕೈಮುಗಿದು ಕರೆದುಕೊಂಡು ಬಂದರು. ನಲವತ್ತು ವರ್ಷ ಆ ದಾರಿಯಲ್ಲಿ ವ್ಯಾಪಾರ ಮಾಡಿದ ಮನುಷ್ಯ, ಆ ದಿನ ಮೊದಲ ಸಲ ಠಾಣೆಯ ಮೆಟ್ಟಿಲು ಏರಿದ್ದು.

ಕಾಯ್ದೆ ಏನು ಹೇಳುತ್ತದೆಂಬುದನ್ನು ತಿಳಿದಿರಬೇಕು. ಶಸ್ತ್ರಾಸ್ತ್ರ ಕಾಯ್ದೆ 1959 ಮತ್ತು ಅದರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗು ಶಸ್ತ್ರಗಳ ಪಟ್ಟಿಯಲ್ಲಿ ಬರುತ್ತದೆ. ಮನೆಬಳಕೆ, ಒಕ್ಕಲುತನ, ಉದ್ದಿಮೆಗಾಗಿ ಮಾಡಿದವುಗಳನ್ನು ಬಿಟ್ಟಿದ್ದಾರೆ. ನಮ್ಮ ಕಿಸೆಯ ಮೂರು ಇಂಚು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಮಹಾರಾಷ್ಟ್ರ ಪೊಲೀಸ್ ಕಾಯ್ದೆ 1951ರ 37ನೆಯ ಕಲಮಿನಂತೆ ಚುನಾವಣೆ, ಜಾತ್ರೆ, ಗಲಾಟೆಯ ಸಮಯದಲ್ಲಿ ಜಿಲ್ಲಾಧಿಕಾರಿಗಳು ಬಂದೀ ಹುಕುಂ ಹೊರಡಿಸಬಹುದು. ಆ ಪಟ್ಟಿಯಲ್ಲಿ ಬಡಿಗೆಯೂ ಇದೆ, ಚಾಕುವೂ ಇದೆ. ಅಳತೆಯ ಮಾತು ಅಲ್ಲಿಲ್ಲ. ಆದ್ದರಿಂದ ಗುಡ್ಡಾಪುರದ ದಾನಮ್ಮನ ಜಾತ್ರೆ, ಜತ್ತದ ಯಲ್ಲಮ್ಮನ ಜಾತ್ರೆಯಂಥ ಗದ್ದಲದಲ್ಲಿ, ಚುನಾವಣೆಯ ದಿನಗಳಲ್ಲಿ, ಚಾಕು ಅಂಗಡಿಯಲ್ಲಿಯೇ ಇರಲಿ. ತೋಟಕ್ಕೆ ಹೋಗಲೇಬೇಕಾದರೆ ಹಣ್ಣಿನ ಕ್ರೇಟಿನೊಳಗೆ, ಪಾವತಿ ಪುಸ್ತಕದ ಜೊತೆಗೆ ಇಡಬೇಕು. ಕೇಳಿದರೆ ಕೆಲಸ ಕಣ್ಣಿಗೆ ಕಾಣುವಂತಿರಬೇಕು. ಶಿಖರಜಿಗೆ ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡಲೇಬಾರದು, ತೂಕಕ್ಕೆ ಕೊಡುವ ಪೆಟ್ಟಿಗೆಯಲ್ಲಿ ಹಾಕಬೇಕು. 2001ರಲ್ಲಿ ಅಮೆರಿಕೆಯಲ್ಲಿ ವಿಮಾನಗಳ ದುರ್ಘಟನೆಯಾದ ಮೇಲೆ ಸ್ವಿಸ್ ಚಾಕುವಿನ ಮಾರಾಟವೇ ಕುಸಿದಿತ್ತು.

ಕೊಳ್ಳುವಾಗ ಹೀಗೆ ನೋಡಿರಿ. ಮಡಿಚಿದಾಗ ಅಲಗು ಹಿಡಿಕೆಯ ಸರಿ ನಡುವೆ ಕೂಡ್ರಬೇಕು, ಒಂದು ಬದಿಗೆ ವಾಲಿದ್ದರೆ ಬಿಟ್ಟುಬಿಡಿ. ತೆರೆದು ಎಡಬಲಕ್ಕೆ ಅಲುಗಿಸಿದರೆ ಅಲುಗಬಾರದು. ಸ್ಪ್ರಿಂಗು ಬಿಗಿಯಾಗಿರಬೇಕು, ಆದರೆ ಉಗುರು ಕಿತ್ತುಬರುವಷ್ಟಲ್ಲ. ಪ್ಲಾಸ್ಟಿಕ್ ಬಿಗಿಪಟ್ಟಿ, ನಾಯ್ಲಾನ್ ಹಗ್ಗ ಕೊಯ್ಯುವವರಿಗೆ ಅಲಗು ನಿಲ್ಲಿಸುವ ಲಾಕ್ ಇರುವುದು ಒಳ್ಳೆಯದು. ಬರೀ ಹಣ್ಣಿಗೆ ಸ್ಪ್ರಿಂಗು ಸಾಕು.

ತಂದ ಮೇಲೆ ಹರಿತ ಕಾಯ್ದುಕೊಳ್ಳುವುದು. ಮೊಂಡ ಚಾಕುವೇ ಕೈ ಕೊಯ್ಯುತ್ತದೆ, ಏಕೆಂದರೆ ಅದಕ್ಕೆ ಜೋರು ಹಾಕಬೇಕಾಗುತ್ತದೆ. ತಿರುಗುವ ಸಾಣೆಯವನ ಕೈಗೆ ಸಣ್ಣ ಚಾಕು ಕೊಡಬೇಡಿರಿ. ಕಿಡಿ ಹಾರುವಷ್ಟು ಒತ್ತಿ ಹಿಡಿದರೆ ತೆಳ್ಳನೆಯ ಅಲಗು ಕಾಯ್ದು ನೀಲಿಯಾಗುತ್ತದೆ. ನೀಲಿಯಾದ ಉಕ್ಕಿನ ಹದ ಹೋಯಿತು, ಮತ್ತೆ ಹರಿತ ನಿಲ್ಲುವುದಿಲ್ಲ. ಒಂದು ಸಾಣೆಕಲ್ಲು ತಂದು ನೀರು ಹಾಕಿ ಮನೆಯಲ್ಲೇ ತಿಕ್ಕಬೇಕು. ಅರ್ಧ ಇಂಚು ಅಗಲದ ಅಲಗಿನ ಬೆನ್ನಿನ ಕೆಳಗೆ ಒಂದರ ಮೇಲೊಂದು ಮೂರು ರೂಪಾಯಿ ನಾಣ್ಯ ಹಿಡಿಸುವಷ್ಟು ಎತ್ತಿ ಹಿಡಿದು, ಎರಡೂ ಮಗ್ಗುಲಿಗೆ ಸಮನಾಗಿ ತಿಕ್ಕಿರಿ. ಹಳೆಯ ವರ್ತಮಾನ ಪತ್ರಿಕೆಯ ಹಾಳೆಯನ್ನು ತೂಗುಹಿಡಿದು ಕೊಯ್ದರೆ ತಡೆಯಿಲ್ಲದೆ ಹರಿಯಬೇಕು. ಕೀಲಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿರಿ. ನಮ್ಮ ಕಡೆಯವರು ಕೈಗೆ ಸಿಕ್ಕಿತೆಂದು ಶೇಂಗಾ ಎಣ್ಣೆ ಬಿಡುತ್ತಾರೆ, ಅದು ನಾಲ್ಕು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿದು ಚಾಕು ತೆರೆಯುವುದೇ ಇಲ್ಲ.